ಪೋಟಗಿ ಏರಿದ ದಾರಿ

ನೂಲು, ರೇಷ್ಮೆಯ ದರ ಏರಿದರೆ ಗುಳೇದಗುಡ್ಡದ ಖಣದ ಬೆಲೆಯೂ ಏರುತ್ತದೆ. ಗಂಡನಿಂದ ಬೇರೆಯಾದ ಹೆಣ್ಣುಮಗಳ ಪೋಟಗಿ (ಜೀವನಾಂಶ) ಮಾತ್ರ ಕೋರ್ಟು ಬರೆದಲ್ಲೇ ನಿಂತಿರುತ್ತದೆ, ಯಾರಾದರೂ ಹೋಗಿ ಕೇಳುವ ತನಕ.

ಕೇಳುವ ದಾರಿ ಹಳೆಯದೇ. ಊರು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿದ್ದ ಕಾಲದ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 488ನೇ ಕಲಂ ಪೋಟಗಿ ಕೊಡಿಸುತ್ತಿತ್ತು. ಪರಿಸ್ಥಿತಿ ಬದಲಾಯಿತೆಂದು ತೋರಿಸಿದರೆ 489ನೇ ಕಲಂ ಮೊತ್ತ ತಿದ್ದುತ್ತಿತ್ತು. ಆದರೆ ತಿಂಗಳಿಗೆ 50 ರೂಪಾಯಿ ದಾಟುವಂತಿರಲಿಲ್ಲ. 1923ರಲ್ಲಿ ಆ ಮಿತಿ 100 ಆಯಿತು, 1955ರಲ್ಲಿ 500. ಆಮೇಲೆ 2001ರಲ್ಲಿ ಮಿತಿಯೇ ಹೋಗುವವರೆಗೆ ಅದೇ 500! ನಡುವಿನ 46 ವರ್ಷಗಳಲ್ಲಿ ಅಕ್ಕಿ-ಜೋಳದ ಬೆಲೆ ಏನಾಯಿತೆಂಬುದನ್ನು ಕಾನೂನು ಕೇಳಲೇ ಇಲ್ಲ. ವಿಚ್ಛೇದಿತೆ ಈ ಕಾನೂನಿನ ‘ಹೆಂಡತಿ’ಯೊಳಗೆ ಸೇರಿದ್ದೂ ಹೊಸ ಸಂಹಿತೆ ಜಾರಿಗೆ ಬಂದ 1974ರ ಏಪ್ರಿಲ್‌ನಿಂದಲೇ.

ಈ ಭಾಗದಲ್ಲಿ ಕೋರ್ಟಿನ ವಿಚ್ಛೇದನ ಬೇಗ ಬಂದಿತ್ತು. ಮುಂಬಯಿ ಸರ್ಕಾರ ಹಿಂದೂ ವಿಚ್ಛೇದನ ಕಾಯ್ದೆ ಮಾಡಿದ್ದು 1947ರಲ್ಲಿ, ದೆಹಲಿಯ ಕಾಯ್ದೆಗಿಂತ ಎಂಟು ವರ್ಷ ಮೊದಲು. ಹಲವು ಸಮಾಜಗಳಲ್ಲಿ ಅದಕ್ಕೂ ಹಿಂದೆ ಸೋಡಚೀಟಿ, ಅಂದರೆ ಬಿಡುಗಡೆಯ ಪತ್ರ, ಇತ್ತು. ರೂಢಿಯ ಬಿಡುಗಡೆಯನ್ನು 1955ರ ಹಿಂದೂ ವಿವಾಹ ಕಾಯ್ದೆಯೂ ಮುಟ್ಟಲಿಲ್ಲ. ಆದರೆ ಹಿರಿಯರ ಮುಂದೆ ಒಮ್ಮೆಗೇ ಇಷ್ಟೆಂದು ಎಣಿಸಿಕೊಟ್ಟು ಕೈತೊಳೆದುಕೊಂಡರೆ, ಮುಂದೆ ಹೆಚ್ಚಿಸಲು ತಿಂಗಳ ಲೆಕ್ಕವೇ ಉಳಿಯುವುದಿಲ್ಲ. ಇದು ಗಂಡಿನ ಕಡೆಯವರಿಗೆ ಒಗ್ಗುವ ಇತ್ಯರ್ಥ ಎಂದೇ ನನ್ನ ಅನಿಸಿಕೆ.

ವಿವಾಹ ಕಾಯ್ದೆಯ 25ನೇ ಕಲಂ ಪ್ರಕಾರ ಇಬ್ಬರಲ್ಲಿ ಯಾರಾದರೂ ಮೊತ್ತ ಬದಲಿಸಲು ಕೇಳಬಹುದು. ಸಂಹಿತೆಯ ದಾರಿಯೂ ತೆರೆದಿದೆ: 489ರ ಜಾಗಕ್ಕೆ ಬಂದ 127ನೇ ಕಲಂ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 146 ಆಗಿದೆ. ತೊಡಕಿರುವುದು ಪುರಾವೆಯಲ್ಲಿ. ಮಜೂರಿಯ ಮೇಲೆ ನೇಯುವವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಮಗ್ಗ ನಿಂತಿದೆ ಎನ್ನುವ ಗಂಡನ ಮಾತು ನಿಜವೂ ಇರಬಹುದು, ನೆಪವೂ ಇರಬಹುದು. ರಜನೀಶ್–ನೇಹಾ ಪ್ರಕರಣದಲ್ಲಿ 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇಬ್ಬರೂ ಆದಾಯ, ಆಸ್ತಿ, ಸಾಲವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದಿತು. ಕಂಡಿಕೆ ಸುತ್ತಿ ಹೊಟ್ಟೆ ಹೊರೆಯುವವಳಿಗೆ ಇದರಿಂದ ಕೇಳಲು ಒಂದು ಹಿಡಿ ಸಿಕ್ಕಿತು.

2025ರ ಮೇನಲ್ಲಿ ಅದೇ ಕೋರ್ಟು ಕೋಲ್ಕತ್ತದ ಮಹಿಳೆಯೊಬ್ಬರಿಗೆ ತಿಂಗಳಿಗೆ 50,000 ರೂಪಾಯಿ ನಿಗದಿ ಮಾಡಿ, ಎರಡು ವರ್ಷಕ್ಕೊಮ್ಮೆ ಶೇ 5 ತಾನಾಗಿಯೇ ಏರಲಿ ಎಂದಿತು. ಆದೇಶದಲ್ಲಿ ಅಂಥ ಸಾಲು ಇಲ್ಲದವರು ಹಳೆಯ ಆದೇಶದ ನಕಲು, ಬಾಡಿಗೆ, ಔಷಧಿಯ ರಸೀದಿ ಹಿಡಿದು ಮತ್ತೆ ಅರ್ಜಿ ಹಾಕಬೇಕು.