ಒಬ್ಬನೇ ವರನ ಸ್ವಯಂವರ

ಸ್ವಯಂವರವೆಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವ ಚಿತ್ರವೊಂದುಂಟು. ಸಾಲಾಗಿ ಕುಳಿತ ರಾಜಕುಮಾರರು. ಕೈಯಲ್ಲಿ ಮಾಲೆ ಹಿಡಿದು, ಒಬ್ಬೊಬ್ಬನ ಮುಂದೆಯೂ ಒಂದು ಕ್ಷಣ ನಿಂತು, ಮುಂದಕ್ಕೆ ನಡೆಯುವ ರಾಜಕುಮಾರಿ. ಆ ಮಂಟಪದಲ್ಲಿ ಒಬ್ಬನೇ ಒಬ್ಬ ರಾಜಕುಮಾರ ಕುಳಿತಿದ್ದರೆ? "ಇವನ ಕೊರಳಿಗೆ ಹಾಕು, ಇಲ್ಲವೇ ಮಾಲೆಯೊಡನೆ ಅಂತಃಪುರಕ್ಕೆ ಹಿಂದಿರುಗು" ಎಂದರೆ ಅದನ್ನು ಸ್ವಯಂವರವೆನ್ನಬಹುದೆ? 2000ನೆಯ ಇಸವಿಯಲ್ಲಿ ಕಂಪ್ಯೂಟರಿನ ಆಟವೊಂದು ತನ್ನ ಸ್ತ್ರೀ ಆಟಗಾರರಿಗೆ ಏರ್ಪಡಿಸಿದ್ದು ಇಂಥದೇ ಸ್ವಯಂವರ.

ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆ ಹೊರತಂದ ಆ ಆಟದ ಹೆಸರು 'ಬಾಲ್ಡರ್ಸ್ ಗೇಟ್', ಎರಡನೆಯ ಭಾಗ. ಇದು ಪಾತ್ರಧಾರಣೆಯ ಆಟಗಳ ಜಾತಿಗೆ ಸೇರಿದ್ದು. ಆಡುವವರು ತಮಗಾಗಿ ಒಬ್ಬ ನಾಯಕನನ್ನೋ ನಾಯಿಕೆಯನ್ನೋ ರೂಪಿಸಿಕೊಂಡು, ಕೆಲವರು ಸಂಗಾತಿಗಳೊಡನೆ ದೇಶಸಂಚಾರಕ್ಕೆ ಹೊರಡುತ್ತಾರೆ. ದಾರಿಯಲ್ಲಿ ಯುದ್ಧಗಳುಂಟು, ಮಾಂತ್ರಿಕರುಂಟು; ಅವೆಲ್ಲಕ್ಕಿಂತ ಹೆಚ್ಚಾಗಿ ಮಾತುಕತೆಯುಂಟು. ಸಂಗಾತಿ ಏನನ್ನೋ ಹೇಳುತ್ತಾನೆ. ತೆರೆಯ ಮೇಲೆ ಮೂರು ನಾಲ್ಕು ಉತ್ತರಗಳು ಕಾಣಿಸಿಕೊಳ್ಳುತ್ತವೆ. ಆಡುವವಳು ಒಂದನ್ನು ಆರಿಸುತ್ತಾಳೆ. ಹೀಗೆ ಮಾತಿಗೆ ಮಾತು ಕೂಡಿ ಸ್ನೇಹ ಬೆಳೆಯುತ್ತದೆ. ಕೆಲವೊಮ್ಮೆ ಸ್ನೇಹ ಪ್ರಣಯಕ್ಕೆ ತಿರುಗುತ್ತದೆ.

ಆ ಆಟದಲ್ಲಿ ನಾಯಕನು ಪುರುಷನಾದರೆ ಅವನಿಗೆ ಮೂವರು ಪ್ರೇಯಸಿಯರು ದೊರೆಯಬಹುದಾಗಿತ್ತು: ಕಥಾರಂಭದಲ್ಲಿಯೇ ಗಂಡನನ್ನು ಕಳೆದುಕೊಂಡ ಜಹೀರಾ, ರೆಕ್ಕೆಗಳನ್ನು ಕಳೆದುಕೊಂಡ ಗಗನಚಾರಿ ಕುಲದ ಏರಿ, ಸ್ವಜನರಿಂದ ದೂರವಾಗಿ ಬದುಕುತ್ತಿದ್ದ ವಿಕೋನಿಯಾ. ನಾಯಿಕೆಗೆ ದೊರೆಯುತ್ತಿದ್ದವನು ಒಬ್ಬನೇ, ಅನೋಮೆನ್. ಯೋಧಪದವಿಗಾಗಿ ಕಾಯುತ್ತಿದ್ದ ಈ ತರುಣ, ಭೇಟಿಯಾದ ಗಳಿಗೆಯಿಂದಲೇ ತನ್ನ ಪರಾಕ್ರಮದ ವರ್ಣನೆಗೆ ತೊಡಗುತ್ತಾನೆ. ಮದುವೆಯ ಮನೆಯಲ್ಲಿ ಪಕ್ಕದ ಎಲೆಗೆ ಇಂಥವನು ಕುಳಿತರೆ ಪಾಯಸ ಬರುವ ಮೊದಲೇ ಎದ್ದುಹೋಗಬೇಕೆನ್ನಿಸುವ ಸ್ವಭಾವ!

ಆದರೂ ಅನೋಮೆನ್‌ನ ವಿಷಯದಲ್ಲಿ ನ್ಯಾಯವಾಗಿಯೇ ಮಾತನಾಡಬೇಕು. ನಡುದಾರಿಯಲ್ಲಿ ಅವನ ತಂಗಿ ಮೋಯ್ರಾಳ ಕೊಲೆಯಾಗುತ್ತದೆ. ಕುಡುಕ ತಂದೆ, ಸೇಡು ತೀರಿಸಿಕೊಂಡು ಬಾ ಎಂದು ಮಗನನ್ನು ಕೆಣಕುತ್ತಾನೆ. ಆಗ ಅನೋಮೆನ್ ನಾಯಿಕೆಯ ಕಡೆಗೆ ತಿರುಗಿ ಸಲಹೆ ಕೇಳುತ್ತಾನೆ. ಅವಳು ತಡೆದರೆ ತಂದೆಯ ಕೋಪಕ್ಕೆ ಗುರಿಯಾದರೂ ಪರೀಕ್ಷೆಯಲ್ಲಿ ಗೆದ್ದು ಯೋಧನಾಗುತ್ತಾನೆ. ಸೇಡಿಗೆ ಹೋದರೆ ಪದವಿ ತಪ್ಪಿ, ಮನಸ್ಸು ಕಹಿಯಾಗಿ, ಬೇರೆಯೇ ಮನುಷ್ಯನಾಗುತ್ತಾನೆ. ಬಡಾಯಿಯ ಹಿಂದೆ ತಂದೆಯ ಮೆಚ್ಚುಗೆಗಾಗಿ ಹಂಬಲಿಸುವ ಹುಡುಗನೊಬ್ಬನಿದ್ದನೆಂಬುದು ಆಗ ತಿಳಿಯುತ್ತದೆ. ಪಾತ್ರ ಕೆಟ್ಟದ್ದಲ್ಲ. ಕೆಟ್ಟದ್ದು ಮಂಟಪದ ಏರ್ಪಾಡು. ಬೇರೆ ಯಾರೂ ಇಲ್ಲದಾಗ ಅವಳು ಹೇಳುವ 'ಹೌದು' ಎಂಬುದಕ್ಕೆ ಬೆಲೆಯೇನು?

ಆಡುವ ಸ್ತ್ರೀಯರು ಸುಮ್ಮನೆ ಕೂಡಲಿಲ್ಲ. ಆಟದ ಅಭಿಮಾನಿಗಳು ತಾವೇ ಲೇಖನಿ ಹಿಡಿದರು. ಹೊಸ ಸಂಗಾತಿಗಳನ್ನು ಸೃಷ್ಟಿಸಿ, ಸಂಭಾಷಣೆಗಳನ್ನು ಬರೆದು ಆಟಕ್ಕೆ ಜೋಡಿಸಿದರು. ಮೂಲದಲ್ಲಿ ಸಣ್ಣ ಪಾತ್ರವಾಗಿದ್ದ ಸೋಲಾಫೇನ್ ಎಂಬಾತ ಹೀಗೆ ಪ್ರಣಯನಾಯಕನಾಗಿ ಬಡ್ತಿ ಪಡೆದ. ಬಡಿಸಿದ್ದು ಸಾಲದೆಂದು ತೋರಿದಾಗ ಅಡಿಗೆಮನೆಗೇ ನುಗ್ಗುವ ಉತ್ಸಾಹವೆಂದರೆ ಇದೇ.

"ಯಂತ್ರದೊಳಗಿನ ಬೊಂಬೆಯೊಡನೆ ಪ್ರಣಯವೇ? ಅದರಲ್ಲಿ ನಂಬುವಂಥದೇನಿದೆ?" ಎಂದು ಮನೆಯ ಹಿರಿಯರು ನಗಬಹುದು. ಆದರೆ ವಾರವಾರವೂ ಧಾರಾವಾಹಿಯ ನಾಯಿಕೆಗಾಗಿ ಕಣ್ಣು ಒರೆಸಿಕೊಳ್ಳುವ ನಮಗೆ ಹಾಗೆ ನಗುವ ಅಧಿಕಾರವಿಲ್ಲ. ಆ ನಾಯಿಕೆಯೂ ಕಾಗದದ ಮೇಲಿನ ಮಸಿಯೇ. ಕಟ್ಟುಕಥೆಯೋ ನಿಜವೋ ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಮನಸ್ಸು ಒಪ್ಪುತ್ತದೆಯೋ ಇಲ್ಲವೋ ಎಂಬುದೇ ಪ್ರಶ್ನೆ.

ಮನಸ್ಸು ಒಪ್ಪಿದ ನಿದರ್ಶನಗಳಲ್ಲಿ ಮೊದಲಿಗೆ ನೆನಪಾಗುವವನು ಅಲಿಸ್ಟರ್. ಬಯೋವೇರ್ ರೂಪಿಸಿದ, 2009ರಲ್ಲಿ ಹೊರಬಂದ 'ಡ್ರ್ಯಾಗನ್ ಏಜ್: ಆರಿಜಿನ್ಸ್' ಆಟದ ಮುಖ್ಯ ಲೇಖಕರಾದ ಡೇವಿಡ್ ಗೇಡರ್ ಅವರ ಸೃಷ್ಟಿ ಅವನು. ರಾಜನ ಅನೌರಸ ಪುತ್ರ, ದಿಕ್ಕಿಲ್ಲದ ಬಾಲ್ಯ, ಆ ನೋವನ್ನು ಹಾಸ್ಯದಲ್ಲಿ ಮುಚ್ಚಿಡುವ ಅಭ್ಯಾಸ. ಒಂದು ದಿನ ಅವನು ನಾಯಿಕೆಯ ಕೈಗೊಂದು ಗುಲಾಬಿಯನ್ನು ಕೊಡುತ್ತಾನೆ. ಶತ್ರುಸೈನ್ಯದಿಂದ ನಾಶವಾಗಲಿದ್ದ ಹಳ್ಳಿಯೊಂದರಲ್ಲಿ ಕಂಡ ಹೂವು. ಬಿಟ್ಟುಬರಲು ಮನಸ್ಸಾಗದೆ ಕಿತ್ತು ತಂದದ್ದು. ಮಾತು ತಡವರಿಸುತ್ತದೆ, ಆದರೆ ಅಂತಃಕರಣ ತಡವರಿಸುವುದಿಲ್ಲ.

ಅವನನ್ನು ನಂಬುವಂತೆ ಮಾಡುವುದು ಆ ಹೂವೊಂದೇ ಅಲ್ಲ. ಅಲಿಸ್ಟರ್ ಸಿಂಹಾಸನವೇರಬೇಕಾಗಿ ಬಂದಾಗ ನಾಯಿಕೆ ಮಾನವಕುಲದ ಸಾಮಂತಪುತ್ರಿಯಾಗಿಲ್ಲದಿದ್ದರೆ, ರಾಜ್ಯಕ್ಕೆ ಉತ್ತರಾಧಿಕಾರಿ ಬೇಕೆಂಬ ಕಾರಣವನ್ನು ಹೇಳಿ ಅವನು ಸಾಮಾನ್ಯವಾಗಿ ಅವಳಿಂದ ದೂರವಾಗುತ್ತಾನೆ. ತನ್ನ ಗುರುವಿಗೆ ದ್ರೋಹ ಬಗೆದವನನ್ನು ನಾಯಿಕೆ ಕ್ಷಮಿಸಿ ಸೇರಿಸಿಕೊಂಡರೆ, ಎಷ್ಟು ಪ್ರೀತಿಯಿದ್ದರೂ ತಂಡವನ್ನು ತೊರೆದುಬಿಡುತ್ತಾನೆ. ಕೊನೆಯ ಯುದ್ಧದಲ್ಲಿ ಇಬ್ಬರಲ್ಲೊಬ್ಬರು ಸಾಯಲೇಬೇಕಾದರೆ, ಪಕ್ಕದಲ್ಲಿರುವ ಪ್ರಿಯತಮ ಅವಳ ಅಪ್ಪಣೆಗೂ ಕಾಯದೆ ತಾನೇ ಮುನ್ನುಗ್ಗಿ ಪ್ರಾಣ ಕೊಡುತ್ತಾನೆ. ಅವನಿಗೊಂದು ಸ್ವಂತ ಮನಸ್ಸುಂಟು. 'ಇಲ್ಲ' ಎನ್ನಬಲ್ಲವನ 'ಹೌದು'ಗೇ ಬೆಲೆ.

ಅದೇ ಆಟದಲ್ಲಿ ಈ ಬೆಲೆಯನ್ನು ಕೆಡಿಸುವ ಏರ್ಪಾಡೂ ಇತ್ತೆಂಬುದು ವಿಚಿತ್ರ. ಸಂಗಾತಿಯ ಪ್ರೀತಿಯನ್ನು ಋಣ 100ರಿಂದ ಧನ 100ರವರೆಗಿನ ಅಂಕೆಯಲ್ಲಿ ತೋರಿಸಲಾಗುತ್ತಿತ್ತು. ಜಗಳವಾಗಿ ಅಂಕೆ ಇಳಿಯಿತೆ? ಒಂದು ಉಡುಗೊರೆ ಕೊಟ್ಟರಾಯಿತು, ಮತ್ತೆ ಏರುತ್ತದೆ. ಹೃದಯವನ್ನು ಉಳಿತಾಯದ ಖಾತೆಯಂತೆ ನಡೆಸುವ ಈ ಲೆಕ್ಕವನ್ನು ಕಂಡಾಗ ಗುಲಾಬಿಯ ಪರಿಮಳವೂ ಸ್ವಲ್ಪ ಕಡಿಮೆಯಾಗುತ್ತದೆ. ಬೇರೆ ವರನಿಲ್ಲದಾಗ ಅವಳ ಒಪ್ಪಿಗೆ ಟೊಳ್ಳು. ಉಡುಗೊರೆಗೆ ಒಲಿದಾಗ ಅವನ ಒಪ್ಪಿಗೆ ಟೊಳ್ಳು.

2014ರ 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್' ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಲ್ಲಿ ಡೋರಿಯನ್ ಎಂಬ ಸುಂದರ ಮಾಂತ್ರಿಕನಿಗೆ ಸ್ತ್ರೀಯರಲ್ಲಿ ಅನುರಾಗವಿಲ್ಲ. ನಾಯಿಕೆ ಏನು ಮಾಡಿದರೂ ಅವನು ಸ್ನೇಹಿತನಷ್ಟೇ. ಪ್ಯಾಟ್ರಿಕ್ ವೀಕ್ಸ್ ಬರೆದ ಸೋಲಸ್, ನೀಳಗಿವಿಯ ಎಲ್ಫ್ ಕುಲದ ನಾಯಿಕೆಯನ್ನು ಮಾತ್ರ ಪ್ರೀತಿಸುತ್ತಾನೆ. ಅವಳ ಮುಖದ ಮೇಲೆ ಕುಲದೇವತೆಗಳ ಗೌರವಾರ್ಥವಾದ ಹಚ್ಚೆಯುಂಟು. ಅದು ಹಿಂದೆ ಗುಲಾಮರ ಗುರುತಾಗಿತ್ತೆಂಬ ಸತ್ಯವನ್ನು ಒಂದು ಏಕಾಂತದ ಗಳಿಗೆಯಲ್ಲಿ ತಿಳಿಸಿ, ಬೇಕಾದರೆ ಅಳಿಸುವೆನೆನ್ನುತ್ತಾನೆ. ಅಲ್ಲಿಯೇ ಸಂಬಂಧವನ್ನೂ ಮುರಿದುಬಿಡುತ್ತಾನೆ. ಅವಳದು ಯಾವ ತಪ್ಪೂ ಇಲ್ಲ. ಯಾವ ಉಡುಗೊರೆಯೂ ಅವನನ್ನು ತಡೆಯಲಾರದು. ಎದುರುಬದುರು ನಿಂತು ಕಾರಣ ಕೇಳುವ ಅವಕಾಶ 2015ರಲ್ಲಿ ಬಂದ 'ಟ್ರೆಸ್‌ಪಾಸರ್' ಎಂಬ ಉತ್ತರಭಾಗದಲ್ಲಿ ದೊರೆಯಿತು. ಇಬ್ಬರೂ ಜೊತೆಗೂಡಿ ಹೊರಟುಹೋಗಬಹುದಾದ ಮುಕ್ತಾಯಕ್ಕೆ 2024ರವರೆಗೆ ಕಾಯಬೇಕಾಯಿತು. ಹತ್ತು ವರ್ಷಗಳ ಧಾರಾವಾಹಿ!

ಬೆಲ್ಜಿಯಂ ದೇಶದ ಲೇರಿಯನ್ ಸಂಸ್ಥೆ 2023ರಲ್ಲಿ 'ಬಾಲ್ಡರ್ಸ್ ಗೇಟ್' ಮೂರನೆಯ ಭಾಗವನ್ನು ಹೊರತಂದಿತು. ಮಂಟಪದಲ್ಲಿ ಈಗ ವರರಿಗೆ ಬರಗಾಲವಿಲ್ಲ. ಪ್ರಣಯಕ್ಕೆ ಒಪ್ಪುವ ಸಂಗಾತಿಗಳು ನಾಯಕ ನಾಯಿಕೆಯರೆಂಬ ಭೇದವಿಲ್ಲದೆ ಒಲಿಯಬಲ್ಲರು. ಹಾಗಾದರೆ ಒಲವು ಅಗ್ಗವಾಯಿತೆ? ಆಸ್ಟೇರಿಯನ್ ಎಂಬ ರಕ್ತಪಿಪಾಸುವಿನ ಕಥೆ ಹಾಗಲ್ಲವೆನ್ನುತ್ತದೆ. ನಟ ನೀಲ್ ನ್ಯೂಬನ್ ಅವರಿಗೆ ಅದೇ ವರ್ಷ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ಅತ್ಯುತ್ತಮ ಅಭಿನಯದ ಪ್ರಶಸ್ತಿಯನ್ನು ತಂದ ಪಾತ್ರವಿದು. ಇನ್ನೂರು ವರ್ಷ ಕ್ರೂರ ಒಡೆಯನ ದಾಸನಾಗಿದ್ದು, ಒಡೆಯನಿಗಾಗಿ ಜನರನ್ನು ಮೋಹದ ಬಲೆಗೆ ಕೆಡವುವುದೇ ಅವನ ಕೆಲಸವಾಗಿತ್ತು. ಆತ್ಮರಕ್ಷಣೆಗಾಗಿ ನಾಯಿಕೆಯ ಮೇಲೂ ಅದೇ ಬಲೆ ಬೀಸುತ್ತಾನೆ. ಮುಂದೊಂದು ದಿನ ತಾನಾಗಿಯೇ ಆ ಕಪಟವನ್ನು ಒಪ್ಪಿಕೊಳ್ಳುತ್ತಾನೆ. ನಿಜವಾದ ಪ್ರಣಯ ಆರಂಭವಾಗುವುದು ಅಲ್ಲಿಂದ. ಅವನ ಅಧಿಕಾರದಾಸೆಗೆ ಅವಳು ನೆರವಾದರೆ, ಅವನೇ ಇನ್ನೊಬ್ಬ ಒಡೆಯನಾಗಿ ಅವಳನ್ನು ತನ್ನ ಸ್ವತ್ತೆಂದು ಎಣಿಸತೊಡಗುತ್ತಾನೆ. ಪ್ರೀತಿಸುವವನು ಕೇಳಿದ್ದೆಲ್ಲವನ್ನೂ ಕೊಡುವುದು ಹಿತವಲ್ಲವೆಂಬ ಪಾಠವನ್ನು ಆಟವೊಂದು ಇದಕ್ಕಿಂತ ಚೆನ್ನಾಗಿ ಕಲಿಸಲಾರದು.

2000ದಿಂದ 2023ರವರೆಗೆ ವರರ ಸಂಖ್ಯೆ ಹೆಚ್ಚಿದ್ದು ಒಳ್ಳೆಯದೇ. ಆದರೆ ನಂಬಿಕೆಯನ್ನು ತಂದದ್ದು ಸಂಖ್ಯೆಯಲ್ಲ. ನಾಯಿಕೆಯ ಮಾತು ಅವನನ್ನು ಬದಲಿಸಬೇಕು. ಆದರೆ ಅವನು ಅವಳ ಕೈಯ ಸೂತ್ರದ ಬೊಂಬೆಯಾಗಬಾರದು. ಈ ಎರಡೂ ಕೂಡಿದ ಕಡೆ ಆಡುವವಳು ತೆರೆಯ ಮುಂದೆ ಒಂದು ನಿಮಿಷ ಸುಮ್ಮನೆ ಕುಳಿತು ತನ್ನ ಉತ್ತರವನ್ನು ಯೋಚಿಸುತ್ತಾಳೆ. ಮಾಲೆ ಹಿಡಿದ ರಾಜಕುಮಾರಿ ನಿಂತು ಯೋಚಿಸುವ ಆ ಕ್ಷಣವಿದ್ದರೆ ಮಾತ್ರ ಅದು ಸ್ವಯಂವರ.