ನೋಟೇ ಇಲ್ಲದ ದೇಶದ ಜಮಾ-ಖರ್ಚು

ಟ್ವಿಚ್‌ನಲ್ಲಿ ಗೇಮಿಂಗ್ ಸ್ಟ್ರೀಮ್ ನೋಡೋರಿಗೆ ಆ ವಿಳಾಸದ ಕೊನೇಲಿರೋ ‘ಡಾಟ್ ಟಿವಿ’ ಪರಿಚಿತ. ಅದು ಟೆಲಿವಿಷನ್ನಿನ ಟಿವಿ ಅಂತಲೇ ಬಹಳ ಜನ ಅಂದುಕೊಂಡಿರ್ತಾರೆ. ಅಲ್ಲ. ಭಾರತಕ್ಕೆ ಡಾಟ್ ಇನ್ ಇರುವ ಹಾಗೆ ತುವಾಲು ಅನ್ನೋ ದೇಶಕ್ಕೆ ಸಿಕ್ಕ ಎರಡಕ್ಷರ ಅದು. ದೇಶಗಳಿಗೆ ಕೋಡ್ ಹಂಚಿದಾಗ ಯಾರೂ ಇದನ್ನು ಯೋಚಿಸಿ ಕೊಟ್ಟಿದ್ದಲ್ಲ, ಹೆಸರಿನಿಂದ ತಾನಾಗಿ ಬಂತು. ಲಾಟರಿ ಅಂದ್ರೆ ಇದು!

ಪೆಸಿಫಿಕ್ ಸಾಗರದ ನಡುವೆ, ಹವಾಯಿಗೂ ಆಸ್ಟ್ರೇಲಿಯಾಕ್ಕೂ ಮಧ್ಯೆ, ಒಂಬತ್ತು ಹವಳದ ದ್ವೀಪಗಳ ದೇಶ ತುವಾಲು. ಒಟ್ಟು ನೆಲ 26 ಚದರ ಕಿಲೋಮೀಟರ್. ಜನ ಸುಮಾರು ಹತ್ತು ಸಾವಿರ, ಅಂದ್ರೆ ಎರಡು ಮೂರು ದೊಡ್ಡ ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರನ್ನು ಒಟ್ಟು ಸೇರಿಸಿದಷ್ಟು. 1978ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಬಂತು. ಗಣಿ ಇಲ್ಲ, ಕಾರ್ಖಾನೆ ಇಲ್ಲ, ಹವಳದ ಮರಳು ಮಣ್ಣಿನಲ್ಲಿ ತೆಂಗು ಬಿಟ್ಟರೆ ಹೆಚ್ಚೇನೂ ಬೆಳೆಯಲ್ಲ. ಅಕ್ಕಿಯಿಂದ ಡೀಸೆಲ್‌ವರೆಗೆ ಎಲ್ಲವೂ ಹಡಗಿನಲ್ಲೇ ಬರಬೇಕು. ಇಂಥ ದೇಶ ನಡೆಯೋದು ಹೇಗೆ?

ಮೊದಲು ದುಡ್ಡಿನ ವಿಷಯ. ತುವಾಲು ಡಾಲರ್ ಅಂತ ಒಂದಿದೆ, ಆದರೆ ಅದು ಬರೀ ನಾಣ್ಯ. 1976ರಿಂದ ಶಾರ್ಕು, ಆಕ್ಟೋಪಸ್ಸು, ಆಮೆ ಇರುವ ಚೆಂದದ ನಾಣ್ಯಗಳನ್ನು ಹೊರಡಿಸಿದ್ದಾರೆ. ನೋಟು ಮಾತ್ರ ಆಸ್ಟ್ರೇಲಿಯಾದ್ದೇ. ಒಂದು ತುವಾಲು ಡಾಲರಿಗೆ ಒಂದು ಆಸ್ಟ್ರೇಲಿಯನ್ ಡಾಲರ್, ಯಾವತ್ತಿಗೂ ಅಷ್ಟೇ. ನಮ್ಮ ರಿಸರ್ವ್ ಬ್ಯಾಂಕಿನಂಥ ಕೇಂದ್ರ ಬ್ಯಾಂಕೇ ಅಲ್ಲಿಲ್ಲ. ಮೊದಲ ಎಟಿಎಂ ಬಂದಿದ್ದು 2025ರ ಏಪ್ರಿಲ್‌ನಲ್ಲಿ!

ಸ್ವಂತ ನೋಟಿಲ್ಲ ಅಂದ್ರೆ ಅವಮಾನ ಅಂತ ನಮಗೆ ಅನ್ನಿಸಬಹುದು. ನನ್ನ ಪ್ರಕಾರ ಅದು ಜಾಣತನ. ಹತ್ತು ಸಾವಿರ ಜನರ ದೇಶ ಸ್ವಂತ ಕರೆನ್ಸಿ ಇಟ್ಟುಕೊಂಡರೆ ಅದನ್ನು ಹೊರಗೆ ಯಾರು ತಗೋತಾರೆ? ಆಸ್ಟ್ರೇಲಿಯಾದ ನೋಟಾದರೆ ಅಕ್ಕಿ ಮೂಟೆ ಕಳಿಸೋ ವ್ಯಾಪಾರಿಗೆ ಅನುಮಾನವಿಲ್ಲ. ಆದರೆ ಇದಕ್ಕೆ ಬೆಲೆ ಇದೆ. ಬಜೆಟ್ ಕೊರತೆ ಬಿದ್ದರೆ ನೋಟು ಅಚ್ಚು ಹಾಕೋ ಹಾಗಿಲ್ಲ. ಬಡ್ಡಿ ದರ ಏರಿಸೋದು, ಇಳಿಸೋದು ತಮ್ಮ ಕೈಲಿಲ್ಲ. ಸಿಡ್ನಿಯಲ್ಲಿ ಕೂತ ಕೇಂದ್ರ ಬ್ಯಾಂಕ್ ತೀರ್ಮಾನ ಮಾಡುವಾಗ ತುವಾಲುವಿನ ಕಷ್ಟ ಅದರ ಲೆಕ್ಕಕ್ಕೇ ಬರಲ್ಲ.

ಇನ್ನೊಂದು ಸ್ವಾರಸ್ಯ ಇದೆ. ಸರ್ಕಾರದ ದೊಡ್ಡ ಆದಾಯ ಬರೋದು ಅಮೆರಿಕನ್ ಡಾಲರಿನಲ್ಲಿ, ಸಂಬಳ ಕೊಡೋದು ಆಸ್ಟ್ರೇಲಿಯನ್ ಡಾಲರಿನಲ್ಲಿ. ಆಸ್ಟ್ರೇಲಿಯನ್ ಡಾಲರ್ ಬಿದ್ದ ವರ್ಷ ತುವಾಲು ಖಜಾನೆಗೆ ಲಾಭ, ಎದ್ದ ವರ್ಷ ನಷ್ಟ. ಎರಡೂ ಅವರ ಕೈಲಿಲ್ಲ.

ಆ ದೊಡ್ಡ ಆದಾಯ ಯಾವುದು? ಮೀನು. ನೆಲ 26 ಚದರ ಕಿ.ಮೀ. ಇದ್ದರೂ ಸುತ್ತಲಿನ ವಿಶೇಷ ಆರ್ಥಿಕ ವಲಯದ ಸಮುದ್ರ ಸುಮಾರು ಏಳೂವರೆ ಲಕ್ಷ ಚದರ ಕಿ.ಮೀ. ಕರ್ನಾಟಕದ ಹೆಚ್ಚುಕಮ್ಮಿ ನಾಲ್ಕರಷ್ಟು. ಅಲ್ಲಿ ಟ್ಯೂನಾ ಮೀನು ಹೇರಳ. ಹಿಡಿಯೋಕೆ ತುವಾಲು ಹತ್ತಿರ ದೊಡ್ಡ ಹಡಗುಗಳ ಪಡೆ ಇಲ್ಲ, ಹಾಗಾಗಿ ಬೇರೆ ದೇಶದ ಹಡಗುಗಳಿಗೆ ಪರವಾನಗಿ ಮಾರುತ್ತದೆ. ಮೊದಲೆಲ್ಲ ಒಂದೊಂದು ದ್ವೀಪವೂ ಬೇರೆ ಬೇರೆ ಚೌಕಾಸಿ ಮಾಡಿ ಕಡಿಮೆ ರೇಟಿಗೆ ಕೊಟ್ಟುಬಿಡುತ್ತಿತ್ತು. ಆಮೇಲೆ ಪಪುವಾ ನ್ಯೂಗಿನಿ, ಕಿರಿಬಾಟಿ, ನೌರು ಸೇರಿದಂತೆ ಎಂಟು ದೇಶಗಳು ಒಗ್ಗಟ್ಟಾಗಿ ‘ಹಡಗು-ದಿನ’ ಅನ್ನೋ ಲೆಕ್ಕ ತಂದವು. ವರ್ಷಕ್ಕೆ ಇಷ್ಟು ದಿನ ಮಾತ್ರ ಮೀನುಗಾರಿಕೆ ಅಂತ ಮಿತಿ ಹಾಕಿ, ಆ ದಿನಗಳನ್ನು ಹಂಚಿಕೊಂಡು, ಒಂದು ದಿನಕ್ಕೆ ಕನಿಷ್ಠ 8,000 ಅಮೆರಿಕನ್ ಡಾಲರ್ ಅಂತ ದರ ಕಟ್ಟಿದವು. ತೈಲ ದೇಶಗಳ ಒಪೆಕ್ ಇದೆಯಲ್ಲ, ಅದರ ಮೀನಿನ ತಮ್ಮ ಅನ್ನಿ. ಮೀನೂ ಉಳೀತು, ದುಡ್ಡೂ ಹಲವು ಪಟ್ಟು ಆಯ್ತು.

ಡಾಟ್ ಟಿವಿಯದ್ದು ಎರಡನೇ ಜಾಣತನ. ಅದಕ್ಕೂ ಮುಂಚೆ 1990ರ ದಶಕದಲ್ಲಿ ತಮ್ಮ 688 ಅನ್ನೋ ಟೆಲಿಫೋನ್ ಕೋಡನ್ನೂ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆದಾರರು ಅದರಲ್ಲಿ ‘ವಯಸ್ಕರ’ ಮಾತುಕತೆ ನಡೆಸಿದ್ದರಿಂದ ಚರ್ಚಿಗೆ ನಡ್ಕೊಳ್ಳೋ ಊರಿಗೆ ಮುಜುಗರವಾಗಿ ನಿಲ್ಲಿಸಿದರು. ಆಮೇಲೆ ಬಂದ ಡೊಮೈನ್ ಒಪ್ಪಂದದ ಮೊತ್ತ 12 ವರ್ಷಕ್ಕೆ 5 ಕೋಟಿ ಅಮೆರಿಕನ್ ಡಾಲರ್. ಆ ಹಣ ಬಂದ ಮೇಲೆ, 2000ದಲ್ಲಿ, ತುವಾಲು ವಿಶ್ವಸಂಸ್ಥೆಯ ಸದಸ್ಯ ಆಯ್ತು. ಎರಡಕ್ಷರ ಬಾಡಿಗೆಗೆ ಕೊಟ್ಟು ಜಗತ್ತಿನ ಸಭೆಯಲ್ಲಿ ಕುರ್ಚಿ!

ದುಡ್ಡು ಬರೋದು ಒಂದು ಮಾತು, ಉಳಿಯೋದು ಇನ್ನೊಂದು. ಪಕ್ಕದ ನೌರು ಕಥೆ ಕೇಳಿ. ಅದೂ ಆಸ್ಟ್ರೇಲಿಯನ್ ಡಾಲರನ್ನೇ ಬಳಸೋ 21 ಚದರ ಕಿ.ಮೀ. ದ್ವೀಪ. ಫಾಸ್ಫೇಟ್ ಗಣಿಯಿಂದ ಒಂದು ಕಾಲಕ್ಕೆ ತಲಾ ಆದಾಯದಲ್ಲಿ ಜಗತ್ತಿನ ಅತಿ ಶ್ರೀಮಂತ ದೇಶಗಳ ಸಾಲಿನಲ್ಲಿತ್ತು. ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ಕಟ್ಟಡ ಕಟ್ಟಿಸಿತು. ಲಂಡನ್ನಿನಲ್ಲಿ ಲಿಯೊನಾರ್ಡೊ ಡ ವಿಂಚಿ ಬಗ್ಗೆ ಸಂಗೀತ ನಾಟಕಕ್ಕೆ ದುಡ್ಡು ಸುರಿಯಿತು, ಅದು ಮಕಾಡೆ ಮಲಗಿತು. ಗಣಿ ಬರಿದಾಯ್ತು, ಸಾಲ ಬೆಳೀತು, ಕಟ್ಟಡ ಮಾರಿಹೋಯ್ತು. 2005ರಲ್ಲಿ ಇದ್ದ ಒಂದೇ ವಿಮಾನವನ್ನೂ ಸಾಲ ಕೊಟ್ಟವರು ಹಿಡ್ಕೊಂಡು ಹೋದರು.

ತುವಾಲು ಬೇರೆ ದಾರಿ ಹಿಡೀತು. 1987ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ನೆರವಿನೊಂದಿಗೆ ಸುಮಾರು 2.7 ಕೋಟಿ ಆಸ್ಟ್ರೇಲಿಯನ್ ಡಾಲರಿನ ನಿಧಿ ಶುರುವಾಯ್ತು. ಅದರ ವಿನ್ಯಾಸ ನಮಗೆ ಥಟ್ಟನೆ ಅರ್ಥ ಆಗುತ್ತೆ: ಎರಡು ಟ್ಯಾಂಕ್. ದೊಡ್ಡ ಟ್ಯಾಂಕಿನ ಅಸಲನ್ನು ಮುಟ್ಟೋ ಹಾಗಿಲ್ಲ. ಹೂಡಿಕೆಯ ಲಾಭದಿಂದ ಅದು ತುಂಬಿ ಹರಿದರೆ ಮಾತ್ರ ಹೆಚ್ಚಿನದ್ದು ಓವರ್‌ಫ್ಲೋ ಪೈಪಿನಲ್ಲಿ ಚಿಕ್ಕ ಟ್ಯಾಂಕಿಗೆ ಬೀಳುತ್ತೆ, ಸರ್ಕಾರ ಅಲ್ಲಿಂದ ಮೊಗೆದುಕೊಳ್ಳಬಹುದು. ಆಸ್ಟ್ರೇಲಿಯಾದ ಹಣದುಬ್ಬರ ನೋಡಿಕೊಂಡು ಪೈಪಿನ ಮಟ್ಟವನ್ನು ಏರಿಸುತ್ತಾ ಹೋಗ್ತಾರೆ, ಅಸಲಿನ ಕೊಳ್ಳುವ ಶಕ್ತಿ ಕುಗ್ಗಬಾರದಲ್ಲ. ಮಾರುಕಟ್ಟೆ ಕುಸಿದ ವರ್ಷ ಒಂದು ತೊಟ್ಟೂ ಬೀಳಲ್ಲ. ಆಡಳಿತ ಮಂಡಳಿಯಲ್ಲಿ ದಾನಿ ದೇಶಗಳವರೂ ಕೂರುವುದರಿಂದ ಚುನಾವಣೆ ಹೊತ್ತಿಗೆ ಯಾರೂ ಒಬ್ಬರೇ ಕೈ ಹಾಕೋಕೆ ಆಗಲ್ಲ.

ಇಷ್ಟೆಲ್ಲ ಅಚ್ಚುಕಟ್ಟು ಮಾಡಿಕೊಂಡ ದೇಶಕ್ಕೆ ಈಗ ಬಂದಿರೋದು ಲೆಕ್ಕದ ಪುಸ್ತಕದಲ್ಲಿ ಬಗೆಹರಿಯದ ಕಷ್ಟ. ಬಹುಪಾಲು ನೆಲ ಸಮುದ್ರಮಟ್ಟದಿಂದ ಎರಡು ಮೂರು ಮೀಟರ್ ಎತ್ತರದಲ್ಲಷ್ಟೇ ಇದೆ. ದೊಡ್ಡ ಉಬ್ಬರ ಬಂದಾಗ ಉಪ್ಪುನೀರು ನೆಲದೊಳಗಿಂದಲೇ ಮೇಲೆ ಉಕ್ಕುತ್ತೆ. ಸಮುದ್ರ ಬಿಸಿಯಾದಂತೆ ಟ್ಯೂನಾ ಪೂರ್ವಕ್ಕೆ ಸರಿಯಬಹುದು ಅಂತಲೂ ವಿಜ್ಞಾನಿಗಳ ಅಂದಾಜಿದೆ. ನೆಲ ಮುಳುಗಿದರೆ ಸುತ್ತಲಿನ ಸಮುದ್ರದ ಹಕ್ಕು ಯಾರದು? ದೇಶವೇ ಇಲ್ಲದಿದ್ದರೆ ಡಾಟ್ ಟಿವಿ ಯಾರದು? ಅದಕ್ಕೇ 2023ರಲ್ಲಿ ಸಂವಿಧಾನ ತಿದ್ದಿ, ನೆಲ ಹೋದರೂ ತುವಾಲು ಶಾಶ್ವತವಾಗಿ ದೇಶವೇ, ಅದರ ಸಮುದ್ರದ ಗಡಿಯೂ ಬದಲಾಗಲ್ಲ ಅಂತ ಬರೆದುಕೊಂಡರು. ರಾಜಧಾನಿ ಫುನಾಫುಟಿಯಲ್ಲಿ ಮರಳು ತುಂಬಿ ಹೊಸ ನೆಲ ಎಬ್ಬಿಸಿದ್ದಾರೆ. ಆಸ್ಟ್ರೇಲಿಯಾ ಜೊತೆಗಿನ ಫಲೆಪಿಲಿ ಒಪ್ಪಂದದ ಪ್ರಕಾರ ವರ್ಷಕ್ಕೆ 280 ಜನ ಅಲ್ಲಿಗೆ ಹೋಗಿ ನೆಲೆಸಬಹುದು. 2025ರಲ್ಲಿ ಮೊದಲ ಸಲ ಚೀಟಿ ಎತ್ತುವಾಗ ಹೆಸರು ಕೊಟ್ಟವರು, ಕುಟುಂಬದವರೂ ಸೇರಿ, 8,000ಕ್ಕೂ ಹೆಚ್ಚು.