ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಸಾಮರ್ಥ್ಯ ಮಾಪನ: ಪೋಷಕರು ತಿಳಿದಿರಬೇಕಾದ ಅಂಶಗಳು

ಸೆರೆಬ್ರಲ್ ಪಾಲ್ಸಿ ಅಥವಾ ಮೆದುಳಿನ ಪಾರ್ಶ್ವವಾಯು ಎಂಬುದು ಗರ್ಭಾವಸ್ಥೆಯಲ್ಲಿ, ಹೆರಿಗೆಯ ಸಮಯದಲ್ಲಿ ಅಥವಾ ಶೈಶವದಲ್ಲಿ ಮೆದುಳಿಗೆ ಉಂಟಾದ ಹಾನಿಯಿಂದ ದೇಹದ ಚಲನೆ ಹಾಗೂ ಭಂಗಿಯ ಮೇಲಿನ ಹತೋಟಿ ಕುಂದುವ ಸ್ಥಿತಿಯಾಗಿದೆ. ಮೆದುಳಿನ ಹಾನಿಯು ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಅದರ ಪರಿಣಾಮಗಳು ಮಗು ಬೆಳೆದಂತೆ ಬದಲಾಗುತ್ತವೆ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಗುರುತಿಸಲಾದ 21 ಬಗೆಯ ನ್ಯೂನತೆಗಳಲ್ಲಿ ಇದೂ ಒಂದು. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಭಾಗದ ಪೋಷಕರು ತಮ್ಮ ಮಗುವಿನ ಪ್ರಮಾಣ ಪತ್ರ ಹಾಗೂ ಯುಡಿಐಡಿ ಕಾರ್ಡಿಗೆ ಅರ್ಜಿ ಸಲ್ಲಿಸುವ ಮುನ್ನ, ಅದರಲ್ಲಿ ನಮೂದಾಗುವ ಶೇಕಡಾ ಪ್ರಮಾಣವು ಯಾವ ಆಧಾರದ ಮೇಲೆ ನಿರ್ಧಾರವಾಗುತ್ತದೆ ಎಂಬುದನ್ನು ತಿಳಿದಿರುವುದು ಅವಶ್ಯಕ.

ಶೇಕಡಾ ಪ್ರಮಾಣದ ಮಹತ್ವ

ಅಧಿನಿಯಮದ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯನ್ನು ಮಾನದಂಡ ನ್ಯೂನತೆಯೆಂದು ಪರಿಗಣಿಸಲಾಗುತ್ತದೆ. ಹಲವು ಸೌಲಭ್ಯಗಳಿಗೆ ಅರ್ಹತೆಯು ಇದನ್ನೇ ಅವಲಂಬಿಸಿದೆ. ಕಾರ್ಡಿನ ಬಣ್ಣವೂ ಇದರಂತೆಯೇ: ಶೇ. 40ಕ್ಕಿಂತ ಕಡಿಮೆ ಇದ್ದಲ್ಲಿ ಬಿಳಿ, ಶೇ. 40ರಿಂದ 80ರ ಒಳಗೆ ಇದ್ದಲ್ಲಿ ಹಳದಿ, ಶೇ. 80 ಹಾಗೂ ಮೇಲ್ಪಟ್ಟಲ್ಲಿ ನೀಲಿ. ಆದ್ದರಿಂದ ಮಾಪನದಲ್ಲಿ ಆಗುವ ಸಣ್ಣ ವ್ಯತ್ಯಾಸವೂ ಮಗುವಿನ ಪಾಲಿಗೆ ದೊಡ್ಡದಾಗಬಹುದು.

ಮಾಪನ ಸಾಧನಗಳು

ಚಲನೆಯ ಮಟ್ಟವನ್ನು ಗುರುತಿಸಲು ಜಿಎಂಎಫ್‌ಸಿಎಸ್ ಎಂಬ ವರ್ಗೀಕರಣವು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಜ್ಞರು 1997ರಲ್ಲಿ ಇದನ್ನು ರೂಪಿಸಿದರು; 2007ರಲ್ಲಿ ಪರಿಷ್ಕರಿಸಿ 18 ವರ್ಷದವರೆಗೆ ವಿಸ್ತರಿಸಲಾಯಿತು. ಇದರಲ್ಲಿ 5 ಹಂತಗಳಿವೆ. ಮೊದಲ ಹಂತದ ಮಗು ಅಡೆತಡೆಯಿಲ್ಲದೆ ನಡೆಯುತ್ತದೆ. ಮೂರನೆಯ ಹಂತದ ಮಗು ಕೈಯಲ್ಲಿ ಹಿಡಿಯುವ ಸಾಧನದ ನೆರವಿನಿಂದ ನಡೆಯುತ್ತದೆ. ಐದನೆಯ ಹಂತದ ಮಗುವನ್ನು ಇತರರು ಗಾಲಿಕುರ್ಚಿಯಲ್ಲಿ ಕರೆದೊಯ್ಯಬೇಕಾಗುತ್ತದೆ. ಕೈಗಳ ಬಳಕೆಗೆ ಎಂಎಸಿಎಸ್, ಸಂವಹನಕ್ಕೆ ಸಿಎಫ್‌ಸಿಎಸ್ ಎಂಬ ಇದೇ ಬಗೆಯ 5 ಹಂತಗಳ ವರ್ಗೀಕರಣಗಳಿವೆ. ಈ ಹಂತಗಳು ಶೇಕಡಾ ಪ್ರಮಾಣವಲ್ಲ ಎಂಬುದನ್ನು ಗಮನಿಸತಕ್ಕದ್ದು. ಶೇಕಡಾ ಪ್ರಮಾಣವನ್ನು ಕೇಂದ್ರ ಸರ್ಕಾರವು 2018ರ ಜನವರಿಯಲ್ಲಿ ಹೊರಡಿಸಿ, 2024ರ ಮಾರ್ಚ್‌ನಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳನ್ವಯ ನಿರ್ಧರಿಸಲಾಗುತ್ತದೆ.

ಸಿಂಧುತ್ವ ಪರಿಶೀಲನೆ ಎಂದರೇನು?

ತೂಕದ ಕಲ್ಲು ಸರಿಯಿದೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವಂತೆ, ಮಾಪನ ಸಾಧನವನ್ನೂ ಬಳಸುವ ಮುನ್ನ ಪರೀಕ್ಷಿಸಬೇಕಾಗುತ್ತದೆ. ಮುಖ್ಯವಾಗಿ ಮೂರು ಅಂಶಗಳನ್ನು ನೋಡಲಾಗುತ್ತದೆ.

1. ಸಾಧನವು ಅಳೆಯಬೇಕಾದುದನ್ನೇ ಅಳೆಯುತ್ತಿದೆಯೇ?
2. ಒಂದೇ ಮಗುವನ್ನು ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿದಾಗ ಫಲಿತಾಂಶವು ಹೊಂದಿಕೆಯಾಗುತ್ತದೆಯೇ?
3. ಕೆಲವು ದಿನಗಳ ನಂತರ ಮತ್ತೆ ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅದೇ ಫಲಿತಾಂಶ ಬರುತ್ತದೆಯೇ?

ಬೇರೊಂದು ದೇಶದಲ್ಲಿ ಸಿದ್ಧವಾದ ಸಾಧನವನ್ನು ಕೇವಲ ಭಾಷಾಂತರಿಸಿದರೆ ಸಾಲದು. ಮೆಟ್ಟಿಲು ಹತ್ತುವುದನ್ನು ಕೇಳುವ ಪ್ರಶ್ನೆಯು ಮೆಟ್ಟಿಲುಗಳಿಲ್ಲದ ಮನೆಯಲ್ಲಿ ಬೆಳೆದ ಮಗುವಿಗೆ ಹೊಂದುವುದಿಲ್ಲ. ಚಮಚ ಹಿಡಿಯುವುದನ್ನು ಕೇಳುವ ಪ್ರಶ್ನೆಯು, ಜೋಳದ ರೊಟ್ಟಿ ಮುರಿದು ಪಲ್ಯದೊಂದಿಗೆ ಕೈಯಿಂದ ಉಣ್ಣುವ ಮಗುವಿನ ಕೈಚಳಕವನ್ನು ಹೇಳುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕುರುಗಾಲಿನಲ್ಲಿ ಕೂರುವುದು ಇಲ್ಲಿನ ದಿನನಿತ್ಯದ ಚಲನೆಗಳು. ಅವುಗಳನ್ನು ಕೇಳದಿದ್ದಲ್ಲಿ ಮಾಪನವು ಅಪೂರ್ಣ.

ಕರ್ನಾಟಕದ ಅನುಭವ

ಈ ಕಾರ್ಯವು ನಮ್ಮ ನಾಡಿಗೆ ಹೊಸದಲ್ಲ. ಫ್ರಾನ್ಸಿನಲ್ಲಿ 1905ರಲ್ಲಿ ಆರಂಭವಾದ ಬಿನೆ ಬುದ್ಧಿಮಾಪನ ಪರೀಕ್ಷೆಯನ್ನು ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. ಇದು ಬಿನೆ-ಕಾಮತ್ ಪರೀಕ್ಷೆ ಎಂದು ಹೆಸರಾಯಿತು. ಹುಟ್ಟಿನಿಂದ 15 ವರ್ಷದವರೆಗಿನ ಮಕ್ಕಳಿಗಾಗಿ ಮೈಸೂರಿನಲ್ಲಿ ಜೆ. ಭರತ್ ರಾಜ್ ಅವರು ರೂಪಿಸಿದ ಬೆಳವಣಿಗೆ ತಪಾಸಣಾ ಪರೀಕ್ಷೆಯೂ ಇಂತಹುದೇ.

ದೇಹದ ತೊಂದರೆ, ಬುದ್ಧಿಯ ತೊಂದರೆ

ಭಾಷೆಗೆ ಹೊಂದಿಸಲಾದ ಪರೀಕ್ಷೆಯೂ ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ತಾನಾಗಿಯೇ ಹೊಂದುವುದಿಲ್ಲ. ಹೆಚ್ಚಿನ ಬುದ್ಧಿಮಾಪನ ಪರೀಕ್ಷೆಗಳಲ್ಲಿ ಮಗು ಬಾಯಿಮಾತಿನಲ್ಲಿ ಉತ್ತರಿಸಬೇಕು, ಚಿತ್ರ ಬರೆಯಬೇಕು ಅಥವಾ ವಸ್ತುಗಳನ್ನು ಜೋಡಿಸಬೇಕು. ಕೈ ನಡುಗುವ, ಮಾತು ತೊದಲುವ ಮಗುವಿಗೆ ಉತ್ತರ ತಿಳಿದಿದ್ದರೂ ಅಂಕ ಬಾರದು. ಹೀಗೆ ದೇಹದ ತೊಂದರೆಯು ಬುದ್ಧಿಯ ತೊಂದರೆಯೆಂದು ದಾಖಲಾದಲ್ಲಿ, ಶಾಲೆಯಲ್ಲಿ ಆ ಮಗುವಿನಿಂದ ನಿರೀಕ್ಷಿಸುವುದೇ ಕಡಿಮೆಯಾಗುತ್ತದೆ. ಕಣ್ಣಿನ ನೋಟದಿಂದ, ತಲೆಯಾಡಿಸುವುದರಿಂದ ಅಥವಾ ಚಿತ್ರಫಲಕದ ಮೂಲಕ ಮಗು ಉತ್ತರಿಸಬಲ್ಲದಾದರೆ ಪೋಷಕರು ಅದನ್ನು ಪರೀಕ್ಷೆಗೆ ಮುನ್ನವೇ ತಜ್ಞರಿಗೆ ತಿಳಿಸತಕ್ಕದ್ದು.

ಪೋಷಕರು ಅನುಸರಿಸಬೇಕಾದ ಕ್ರಮ

1. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ಗ್ರಾಮಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ಹಾಗೂ ನಗರದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.
2. ಮನೆಯಲ್ಲಿ ಆಡುವ ಭಾಷೆ ಕನ್ನಡವೋ, ತೆಲುಗೋ, ಉರ್ದುವೋ, ಲಂಬಾಣಿಯೋ ಎಂಬುದನ್ನು ಮೊದಲೇ ತಿಳಿಸಬೇಕು.
3. ಹೆರಿಗೆ ಹಾಗೂ ಆಸ್ಪತ್ರೆಯ ದಾಖಲೆಗಳು, ಫಿಸಿಯೋಥೆರಪಿ ವಿವರ, ಮೂರ್ಛೆಗೆ ನೀಡುತ್ತಿರುವ ಔಷಧಿಯ ಚೀಟಿ ಇವುಗಳನ್ನು ತರಬೇಕು. ಮಗು ಬಳಸುವ ಕನ್ನಡಕ, ಶ್ರವಣ ಸಾಧನ, ಕ್ಯಾಲಿಪರ್, ವಾಕರ್ ಇದ್ದಲ್ಲಿ ತಪ್ಪದೇ ತರಬೇಕು.
4. ಮಗುವನ್ನು ದಿನವೂ ನೋಡಿಕೊಳ್ಳುವವರೇ ಜೊತೆಗೆ ಬರುವುದು ಸೂಕ್ತ.
5. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ. ಪ್ರಯಾಣಿಸಿ ದಣಿದ ಮಗುವಿನ ಕೈಕಾಲು ಎಂದಿಗಿಂತ ಹೆಚ್ಚು ಬಿಗಿಯಬಹುದು. ಪರೀಕ್ಷೆಗೆ ಮುನ್ನ ಊಟ ಮತ್ತು ವಿಶ್ರಾಂತಿ ಅವಶ್ಯ. ಜಿಎಂಎಫ್‌ಸಿಎಸ್‌ನಲ್ಲಿ ಪರಿಗಣಿಸುವುದು ಮನೆ, ಶಾಲೆ ಹಾಗೂ ಊರಿನಲ್ಲಿ ಮಗು ಸಾಮಾನ್ಯವಾಗಿ ಮಾಡುವುದನ್ನು. ಆದ್ದರಿಂದ ಮನೆಯಲ್ಲಿ ತೆಗೆದ ಮೊಬೈಲ್ ವಿಡಿಯೋ ಇದ್ದಲ್ಲಿ ತೋರಿಸಬಹುದು.
6. ಕೇಳಿದ ಪ್ರಶ್ನೆಗಳಿಗೆ ಇದ್ದದ್ದನ್ನು ಇದ್ದಂತೆ ಉತ್ತರಿಸಬೇಕು. ಸಮಯ ಉಳಿಸಲು ತಾಯಿಯೇ ಉಣಿಸುತ್ತಿದ್ದಲ್ಲಿ, ಮಗು ತಾನಾಗಿ ಉಣ್ಣಲಾರದೋ ಅಥವಾ ನಿಧಾನವಾಗಿ ಉಣ್ಣಬಲ್ಲದೋ ಎಂಬುದನ್ನು ಬಿಡಿಸಿ ಹೇಳಬೇಕು. ಸೌಲಭ್ಯ ದೊರೆಯಲೆಂದು ಹೆಚ್ಚಿಸಿ ಹೇಳುವುದು, ಸಂಕೋಚದಿಂದ ಮರೆಮಾಚುವುದು ಎರಡೂ ಮಗುವಿಗೆ ಹಾನಿಕರ.
7. ಯಾವ ಪರೀಕ್ಷೆಯನ್ನು ಬಳಸಲಾಯಿತು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಮರುಪರಿಶೀಲನೆ ಮತ್ತು ಮೇಲ್ಮನವಿ

ನ್ಯೂನತೆಯ ಪ್ರಮಾಣವು ಮುಂದೆ ಬದಲಾಗುವ ಸಾಧ್ಯತೆ ಇದ್ದಲ್ಲಿ ಪ್ರಮಾಣ ಪತ್ರದಲ್ಲಿ ಅವಧಿಯನ್ನು ನಮೂದಿಸಲಾಗುತ್ತದೆ. ಅಂತಹ ಪತ್ರವನ್ನು ಅವಧಿ ಮುಗಿಯುವ ಮುನ್ನವೇ ನವೀಕರಣಕ್ಕೆ ಸಲ್ಲಿಸತಕ್ಕದ್ದು. ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ಪಡೆಯಲು ಅರ್ಜಿದಾರರು ಹಕ್ಕುಳ್ಳವರಾಗಿರುತ್ತಾರೆ. ಪ್ರಮಾಣೀಕರಿಸುವ ಪ್ರಾಧಿಕಾರದ ತೀರ್ಮಾನದಿಂದ ಬಾಧಿತರಾದವರು ಅಧಿನಿಯಮದ 59ನೇ ಪ್ರಕರಣದನ್ವಯ ಮೇಲ್ಮನವಿ ಸಲ್ಲಿಸಬಹುದು. ಬಳಸಲಾದ ಪರೀಕ್ಷೆಯು ಮಗುವಿನ ಭಾಷೆಗೆ ಅಥವಾ ದೇಹಸ್ಥಿತಿಗೆ ಹೊಂದಿರಲಿಲ್ಲ ಎಂಬ ಸಂದೇಹವಿದ್ದಲ್ಲಿ, ಮೇಲ್ಮನವಿಯಲ್ಲಿ ಆ ಅಂಶವನ್ನು ವಿವರವಾಗಿ ನಮೂದಿಸಿ ಸಂಬಂಧಪಟ್ಟ ದಾಖಲೆಗಳನ್ನು ಲಗತ್ತಿಸುವುದು.